ಹೊಸ ಕುರ್ಚಿ ಬಂದರೂ ನೋವು ಹೋಗಲಿಲ್ಲವೇ? ಆಫೀಸಿನಲ್ಲಿ ಕೂರುವ ಜಾಗದ ದೋಷ ಹುಡುಕುವ ಕೈಪಿಡಿ

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಒಂದೇ ವರ್ಷದಲ್ಲಿ ಮೂರು ಕುರ್ಚಿ ಬದಲಾಯಿಸಿದೆವು. ಮೊದಲನೆಯದು ತುಂಬಾ ಗಟ್ಟಿ ಎಂದರು. ಎರಡನೆಯದು ಬೆನ್ನಿಗೆ ಒಗ್ಗಲಿಲ್ಲ. ಮೂರನೆಯದು ನಿಜಕ್ಕೂ ಒಳ್ಳೆಯ ಕುರ್ಚಿ. ಆದರೂ ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, ಅವರ ಕೈ ತಾನಾಗಿಯೇ ಹೆಗಲ ಮೇಲೆ ಹೋಗಿ ಒತ್ತಿಕೊಳ್ಳಲು ಶುರು ಮಾಡುತ್ತಿತ್ತು. ಕೊನೆಗೆ ಒಂದು ದಿನ ಅಳತೆ ಟೇಪು ತಂದು ಅವರ ಪಕ್ಕ ಕೂತೆ. ಕುರ್ಚಿಯಲ್ಲಿ ಯಾವ ದೋಷವೂ ಇರಲಿಲ್ಲ. ಮೇಜು ಅವರ ಮೈಗೆ 10 ಸೆಂ.ಮೀ. ಎತ್ತರವಾಗಿತ್ತು.

ಅವತ್ತಿನಿಂದ ಯಾರೇ ಬಂದು "ಕುರ್ಚಿ ಸರಿಯಿಲ್ಲ" ಎಂದರೂ ನಾನು ಮೊದಲು ಕುರ್ಚಿ ನೋಡುವುದಿಲ್ಲ. ನೋವು ಒಂದು ಕಡೆ ಇರುತ್ತದೆ, ಅದನ್ನು ಹುಟ್ಟಿಸುವ ದೋಷ ಇನ್ನೊಂದು ಕಡೆ ಇರುತ್ತದೆ. ಹೆಗಲು ನೋವಿಗೆ ಮೇಜು ಕಾರಣ, ಸೊಂಟ ನೋವಿಗೆ ಮಾನಿಟರ್ ಕಾರಣ, ಕಣ್ಣುರಿಗೆ ಕಿಟಕಿ ಕಾರಣ ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸ ಪೀಠೋಪಕರಣ ಕೊಳ್ಳುವ ಮುಂಚೆ ಈಗ ಇರುವುದರಲ್ಲಿ ಏನು ಕೆಟ್ಟಿದೆ ಎಂದು ಕಂಡುಹಿಡಿಯಬೇಕು. ಇಲ್ಲದಿದ್ದರೆ ಅದೇ ದೋಷ ಹೊಸ ಬಣ್ಣ ಹಚ್ಚಿಕೊಂಡು ವಾಪಸ್ ಬರುತ್ತದೆ.

ಶುರು ಮಾಡುವ ಮುಂಚೆ

ಒಂದು ಅಳತೆ ಟೇಪು, ಒಂದು ಹಾಳೆ, ಫೋನಿನ ಕ್ಯಾಮೆರಾ, ಜೊತೆಗೆ ಒಬ್ಬ ಸ್ನೇಹಿತರು. ಇಷ್ಟಿದ್ದರೆ ಸಾಕು. ಸ್ನೇಹಿತರು ಯಾಕೆ ಅಂದರೆ, ನಾವು ಹೇಗೆ ಕೂರುತ್ತೇವೆ ಎಂದು ನಮಗೇ ಗೊತ್ತಿರುವುದಿಲ್ಲ. "ಈಗ ನೋಡಿ" ಎಂದ ತಕ್ಷಣ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಆ ಫೋಟೋದಿಂದ ಪ್ರಯೋಜನವಿಲ್ಲ. ನೀವು ಕೆಲಸದಲ್ಲಿ ಮುಳುಗಿರುವಾಗ, ಮಧ್ಯಾಹ್ನದ ಮೇಲೆ, ಪಕ್ಕದಿಂದ ಒಂದು ಫೋಟೋ ತೆಗೆಯಲು ಹೇಳಿ. ದೋಷದ ಅರ್ಧ ಸುಳಿವು ಅದರಲ್ಲೇ ಸಿಗುತ್ತದೆ.

ಎರಡು ದಿನ ಹಾಳೆಯಲ್ಲಿ ಬರೆದಿಡಿ. ನೋವು ಎಲ್ಲಿ, ಎಷ್ಟು ಹೊತ್ತಿಗೆ ಶುರುವಾಯಿತು, ಆಗ ಯಾವ ಕೆಲಸ ನಡೀತಿತ್ತು, ಎದ್ದು ಓಡಾಡಿದರೆ ಕಡಿಮೆಯಾಯಿತಾ, ರಜೆಯ ದಿನ ಇತ್ತಾ. ಬೆಳಿಗ್ಗೆ ಏಳುವಾಗಲೇ ನೋವು ಇದ್ದು ಹಗಲು ಕಡಿಮೆಯಾಗುತ್ತಿದ್ದರೆ ಅದು ಆಫೀಸಿನ ಪೀಠೋಪಕರಣದ್ದು ಆಗಿರುವುದು ಕಡಿಮೆ.

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಕೈ ಅಥವಾ ಕಾಲಿನಲ್ಲಿ ಬಲ ಕಡಿಮೆಯಾಗಿದೆ, ಹಿಡಿದ ಲೋಟ ಜಾರುತ್ತಿದೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದೆ, ಬೆನ್ನುನೋವಿನ ಜೊತೆ ಮಲಮೂತ್ರದ ಹಿಡಿತ ತಪ್ಪುತ್ತಿದೆ ಅಥವಾ ತೊಡೆ ಸಂದಿನಲ್ಲಿ ಸ್ಪರ್ಶ ಗೊತ್ತಾಗುತ್ತಿಲ್ಲ ಎಂದಾದರೆ ಟೇಪು ಪಕ್ಕಕ್ಕಿಡಿ, ವೈದ್ಯರ ಬಳಿ ಹೋಗಿ. ಕೊನೆಯ ಎರಡಕ್ಕಂತೂ ಅದೇ ದಿನ ಹೋಗಬೇಕು.

ಒಬ್ಬರಿಗೋ, ಎಲ್ಲರಿಗೋ?

ಇದನ್ನು ಮೊದಲು ಕೇಳಿಕೊಂಡರೆ ಕೆಲಸ ಅರ್ಧ ಇಳಿಯುತ್ತದೆ. ಸಾಲಿನಲ್ಲಿ ಒಬ್ಬರಿಗೆ ಮಾತ್ರ ತೊಂದರೆ ಇದ್ದರೆ ಮೇಜು, ಕುರ್ಚಿ, ಮಾನಿಟರ್ ಅವರ ಮೈಗೆ ಹೊಂದಿಲ್ಲ ಎಂದರ್ಥ. ಅದೇ ಸಾಲಿನ ನಾಲ್ಕೈದು ಜನಕ್ಕೆ ತಲೆನೋವು, ಕಣ್ಣುರಿ, ಗಂಟಲು ಕೆರೆತ ಇದ್ದರೆ ಕುರ್ಚಿಯನ್ನು ದೂರಿ ಫಲವಿಲ್ಲ. ಗಾಳಿ, ಬೆಳಕು, ಪಾರ್ಟಿಷನ್ ಕಡೆ ನೋಡಬೇಕು. ತೊಂದರೆ ಇರುವವರು ಮತ್ತು ಇಲ್ಲದವರು ಒಂದು ದಿನ ಜಾಗ ಬದಲಾಯಿಸಿಕೊಂಡು ನೋಡಿ. ತೊಂದರೆ ಜಾಗದ ಜೊತೆ ಉಳಿಯಿತೋ, ಮನುಷ್ಯರ ಜೊತೆ ಹೋಯಿತೋ ಗೊತ್ತಾಗುತ್ತದೆ.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬದಲಿಸಿದ ಮೇಲೆ ಎರಡು ಮೂರು ದಿನ ಬಿಡಿ. ಕುರ್ಚಿ ಇಳಿಸಿ, ಮಾನಿಟರ್ ಏರಿಸಿ, ಮೌಸ್ ಬದಲಿಸಿ, ಎಲ್ಲ ಒಂದೇ ಬೆಳಿಗ್ಗೆ ಮಾಡಿದರೆ ಯಾವುದರಿಂದ ಗುಣ ಬಂತು ಎಂದು ಹೇಗೆ ಗೊತ್ತಾಗಬೇಕು?

ಮೇಜಿನ ಎತ್ತರ: ನನ್ನ ಮೊದಲ ಅನುಮಾನ ಇಲ್ಲೇ

ಎತ್ತರ ಬದಲಿಸಲು ಬಾರದ ಆಫೀಸ್ ಮೇಜುಗಳು ಸಾಮಾನ್ಯವಾಗಿ 72ರಿಂದ 75 ಸೆಂ.ಮೀ. ಇರುತ್ತವೆ. ಹಾಳೆಯ ಮೇಲೆ ಬರೆಯುವ ಕಾಲದಿಂದ ಬಂದ ಅಳತೆ ಇದು. ಬರೆಯುವಾಗ ಮುಂದಕ್ಕೆ ಬಾಗುತ್ತೇವೆ, ಮೇಜು ಸ್ವಲ್ಪ ಎತ್ತರವಿದ್ದರೂ ನಡೆಯುತ್ತದೆ. ಟೈಪ್ ಮಾಡುವಾಗ ಹಾಗಲ್ಲ. ಕೀಬೋರ್ಡ್ ಮೊಣಕೈಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು.

ಈಗ ಲೆಕ್ಕ ನೋಡಿ. ಸುಮಾರು 155 ಸೆಂ.ಮೀ. ಎತ್ತರದವರು ಪಾದ ಪೂರ್ತಿ ನೆಲಕ್ಕೆ ಊರಿ ಕೂತರೆ ಅವರ ಮೊಣಕೈ ನೆಲದಿಂದ 62-65 ಸೆಂ.ಮೀ. ಎತ್ತರದಲ್ಲಿ ಇರುತ್ತದೆ. ಮೇಜು 75. ಅದರ ಮೇಲೆ ಕೀಬೋರ್ಡಿನ ದಪ್ಪ ಬೇರೆ. ಆರಡಿ ಎತ್ತರದವರಿಗೆ ಆ ಮೇಜು ಹೆಚ್ಚುಕಡಿಮೆ ಸರಿ ಹೋಗುತ್ತದೆ. ಕುಳ್ಳಗಿರುವವರು ಏನು ಮಾಡುತ್ತಾರೆ? ಹೆಗಲು ಎತ್ತಿ ಟೈಪ್ ಮಾಡುತ್ತಾರೆ. ಇಲ್ಲದಿದ್ದರೆ ಕುರ್ಚಿ ಏರಿಸಿಕೊಳ್ಳುತ್ತಾರೆ, ಆಗ ಕಾಲು ನೇತಾಡುತ್ತದೆ. ಕಾಲಿಗೆ ಆಸರೆ ಸಿಗದಿದ್ದಾಗ ಸೀಟಿನ ತುದಿಗೆ ಜಾರಿ ಕೂರುತ್ತಾರೆ, ಬೆನ್ನು ಒರಗನ್ನು ಬಿಟ್ಟು ಮುಂದೆ ಬರುತ್ತದೆ. ಸಂಜೆಗೆ ಸೊಂಟ ನೋವು. ಆಮೇಲೆ ಬೈಗುಳ ಕುರ್ಚಿಗೆ!

ಪರೀಕ್ಷೆ ಸುಲಭ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂರಿ. ಪಾದ ನೆಲದ ಮೇಲಿರಲಿ. ತೋಳುಗಳನ್ನು ಸುಮ್ನೆ ಕೆಳಗೆ ಇಳಿಬಿಡಿ, ಹೆಗಲು ಸಡಿಲವಾಗಲಿ. ಈಗ ಮೊಣಕೈ ಮಾತ್ರ ಮಡಿಸಿ, ಮುಂಗೈಯನ್ನು ನೆಲಕ್ಕೆ ಸಮನಾಗಿ ಮುಂದಕ್ಕೆ ಚಾಚಿ. ಮೊಣಕೈಯ ಕೆಳಭಾಗದಿಂದ ನೆಲಕ್ಕೆ ಎಷ್ಟು ಎಂದು ಸ್ನೇಹಿತರು ಅಳೆಯಲಿ. ನಿಮ್ಮ ಮೈಗೆ ಬೇಕಾದ ಮೇಜಿನ ಎತ್ತರ ಅದು. ನಿಜವಾದ ಮೇಜನ್ನೂ ಅಳೆದು ಎರಡರ ನಡುವಿನ ವ್ಯತ್ಯಾಸ ಬರೆದಿಡಿ.

ಮೇಜು ಎತ್ತರವಾಗಿದೆ ಎಂದು ಗೊತ್ತಾದರೆ ಮೂರು ದಾರಿಗಳಿವೆ. ಎತ್ತರ ಬದಲಿಸಬಹುದಾದ ಮೇಜಾಗಿದ್ದರೆ ಇಳಿಸಿಬಿಡಿ, ಮುಗಿಯಿತು. ಇಲ್ಲಿ ಪಾದದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು: ಮೊದಲು ಕುರ್ಚಿ ಕಾಲಿಗೆ ಹೊಂದಬೇಕು, ಆಮೇಲೆ ಮೇಜು ಮೊಣಕೈಗೆ. ಎತ್ತರ ಬದಲಾಗದ ಮೇಜಾದರೆ ಲೆಕ್ಕ ತಿರುಗುಮುರುಗು. ಮೊಣಕೈ ಮೇಜಿನ ಮಟ್ಟಕ್ಕೆ ಬರುವಷ್ಟು ಕುರ್ಚಿ ಏರಿಸಿ, ಪಾದದ ಕೆಳಗೆ ಉಳಿದ ಅಂತರಕ್ಕೆ ಕಾಲುಮಣೆ ಇಡಿ. ಕಾಲುಮಣೆ ಅಗಲವಾಗಿರಲಿ, ಎರಡೂ ಪಾದ ಅಲ್ಲಾಡಿಸಲು ಜಾಗವಿರಲಿ. ಸಣ್ಣ ಮಣೆಯಲ್ಲಿ ಕಾಲು ಒಂದೇ ಕಡೆ ಕಟ್ಟಿಹಾಕಿದ ಹಾಗೆ ಆಗುತ್ತದೆ. ಮೂರನೆಯದು ಮೇಜಿನ ಕೆಳಗೆ ಜೋಡಿಸುವ ಕೀಬೋರ್ಡ್ ಟ್ರೇ. ನನಗೆ ಇದು ಅಷ್ಟು ಇಷ್ಟವಿಲ್ಲ. ತೊಡೆಗೆ ತಾಗುತ್ತದೆ. ಎಷ್ಟೋ ಟ್ರೇಗಳಲ್ಲಿ ಮೌಸ್ ಇಡಲು ಜಾಗವಿರುವುದಿಲ್ಲ. ಮೌಸ್ ಮೇಜಿನ ಮೇಲೇ ಉಳಿದರೆ ಕೈ ಮೇಲೂ ಕೆಳಗೂ ಓಡಾಡಬೇಕು, ಹಳೆಯ ನೋವಿನ ಜೊತೆ ಹೊಸದೂ ಸೇರುತ್ತದೆ. ಮೌಸ್ ಕೂಡ ಇಡಲು ಬರುವಷ್ಟು ಅಗಲವಿದ್ದರೆ ಮಾತ್ರ ಹಾಕಿಸಿ.

ತುಂಬಾ ಎತ್ತರದವರಿಗೆ ಇದರ ತದ್ವಿರುದ್ಧ. ಮೊಣಕಾಲು ಮೇಜಿನ ಅಡಿಗೆ ತಾಗುತ್ತದೆ, ಬೆನ್ನು ಗೂನು ಬೀಳುತ್ತದೆ. ಮೇಜಿನ ಕಾಲುಗಳ ಕೆಳಗೆ ಗಟ್ಟಿಯಾದ ಏರು-ಬ್ಲಾಕ್ ಇಟ್ಟು ಎತ್ತರಿಸಬಹುದು. ನಾಲ್ಕೂ ಕಡೆ ಒಂದೇ ಎತ್ತರ ಇರಬೇಕು, ಅಲುಗಾಡಬಾರದು.

ನನ್ನ ಸಹೋದ್ಯೋಗಿಗೆ ನಾವು ಮಾಡಿದ್ದು ಎರಡನೆಯ ದಾರಿ. ಕುರ್ಚಿ ಏರಿಸಿದೆವು, ಅಗಲವಾದ ಕಾಲುಮಣೆ ಇಟ್ಟೆವು. ಒಂದೆರಡು ವಾರದಲ್ಲಿ ಹೆಗಲು ಹಿಡಿದುಕೊಳ್ಳುವುದು ನಿಂತಿತು.

ಸೊಂಟ ಮತ್ತು ಕೆಳಬೆನ್ನು

ಮೇಜಿನ ಎತ್ತರ ಸರಿಯಾದ ಮೇಲೂ ಸೊಂಟ ನೋವು ಉಳಿದಿದ್ದರೆ ಮಧ್ಯಾಹ್ನ ತೆಗೆಸಿದ ಫೋಟೋ ನೋಡಿ. ಬೆನ್ನು ಒರಗಿಗೆ ತಾಗಿದೆಯಾ? ತಾಗಿಲ್ಲ ಎಂದಾದರೆ ಒರಗು ಎಷ್ಟು ಒಳ್ಳೆಯದಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಯಾಕೆ ತಾಗಿಲ್ಲ ಎನ್ನುವುದನ್ನು ಹುಡುಕಬೇಕು.

ಮಾನಿಟರ್ ದೂರವಿರಬಹುದು, ಅಕ್ಷರ ಸಣ್ಣದಿರಬಹುದು. ಓದಲು ಕಷ್ಟವಾದರೆ ತಲೆ ಮುಂದೆ ಹೋಗುತ್ತದೆ, ತಲೆಯ ಹಿಂದೆ ಬೆನ್ನೂ ಹೋಗುತ್ತದೆ. ಆರ್ಮ್‌ರೆಸ್ಟ್ ಮೇಜಿನ ಅಂಚಿಗೆ ಬಡಿಯುತ್ತಿರಬಹುದು. ಕುರ್ಚಿ ಹತ್ತಿರ ಬರುವುದಿಲ್ಲ, ನಾವು ಹತ್ತಿರ ಹೋಗುತ್ತೇವೆ. ಇದು ಬಹಳ ಸಾಮಾನ್ಯ, ಯಾರ ಕಣ್ಣಿಗೂ ಬೀಳುವುದಿಲ್ಲ. ಆರ್ಮ್‌ರೆಸ್ಟ್ ಇಳಿಸಿ ನೋಡಿ. ಇಳಿಯದಿದ್ದರೆ ಬಿಚ್ಚಿಬಿಡಿ. ಬಹಳಷ್ಟು ಕುರ್ಚಿಗಳಲ್ಲಿ ಎರಡು ಮೂರು ಬೋಲ್ಟ್ ತೆಗೆದರೆ ಬರುತ್ತದೆ. ಮೇಜಿನ ಕೆಳಗೆ ಡ್ರಾಯರ್ ಪೆಟ್ಟಿಗೆ, ಸಿಪಿಯು, ವೈರುಗಳ ಗಂಟು ಇದ್ದರೂ ಇದೇ ಕತೆ. ಕಾಲಿಗೆ ಜಾಗವಿಲ್ಲ ಎಂದು ಓರೆಯಾಗಿ ಕೂರುತ್ತೇವೆ. ದಿನವಿಡೀ ಸೊಂಟ ತಿರುಚಿದರೆ ನೋವು ಬಾರದೆ ಇರುತ್ತಾ?

ಸೀಟಿನ ಆಳವನ್ನೂ ನೋಡಿ. ಪೂರ್ತಿ ಹಿಂದಕ್ಕೆ ಕೂತಾಗ ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿಯಬೇಕು. ಅಂಚು ಮೊಣಕಾಲಿಗೆ ಒತ್ತುತ್ತಿದ್ದರೆ ಸೀಟು ಉದ್ದವಾಗಿದೆ, ಅದಕ್ಕೇ ನೀವು ಮುಂದೆ ಜಾರುತ್ತೀರಿ. ಸೀಟನ್ನು ಹಿಂದೆ ಮುಂದೆ ಸರಿಸುವ ಸೌಲಭ್ಯ ಇದ್ದರೆ ಸರಿಸಿ. ಇಲ್ಲದಿದ್ದರೆ ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಟು ಸದ್ಯಕ್ಕೆ ನಿಭಾಯಿಸಬಹುದು.

ಒರಗಿನ ಉಬ್ಬು ಸೊಂಟ ಒಳಕ್ಕೆ ಬಾಗಿರುವ ಜಾಗಕ್ಕೆ, ಅಂದರೆ ಬೆಲ್ಟ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ, ಸೇರಬೇಕು. ಒರಗು 90 ಡಿಗ್ರಿ ನೆಟ್ಟಗೆ ಇರಬೇಕು ಎಂದು ಬಹಳ ಜನ ನಂಬಿದ್ದಾರೆ. ಬೇಡ. 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ಬಾಗಿದ್ದರೆ ಮೈಭಾರ ಸ್ವಲ್ಪ ಒರಗಿನ ಮೇಲೆ ಬೀಳುತ್ತದೆ, ಬೆನ್ನಿಗೆ ಹಗುರ. ಸೀಟಿನ ಅಡಿಯಲ್ಲಿ ಒಂದು ದೊಡ್ಡ ತಿರುಗುಗುಬ್ಬಿ ಇರುತ್ತದೆ. ಒರಗು ಎಷ್ಟು ಬಿಗಿಯಾಗಿ ತಳ್ಳಬೇಕು ಎನ್ನುವುದು ಅದರಲ್ಲಿದೆ. ಆರು ತಿಂಗಳು ಆ ಕುರ್ಚಿಯಲ್ಲಿ ಕೂತವರಿಗೂ ಅದು ಯಾತಕ್ಕೆ ಎಂದು ಗೊತ್ತಿರುವುದಿಲ್ಲ. ಒರಗು ನಿಮ್ಮನ್ನು ಮುಂದಕ್ಕೆ ತಳ್ಳುತ್ತಿದ್ದರೆ ಸಡಿಲ ಮಾಡಿ, ಧೊಪ್ಪನೆ ಹಿಂದೆ ಬೀಳುತ್ತಿದ್ದರೆ ಬಿಗಿ ಮಾಡಿ.

ಕಾಲು ಜೋಮು, ಪಾದ ಊತ

ಇದಕ್ಕೆ ಹೆಚ್ಚು ಹುಡುಕಬೇಕಿಲ್ಲ. ಸೀಟು ಎತ್ತರವಾಗಿ ತೊಡೆಯ ಕೆಳಭಾಗ ಅಂಚಿಗೆ ಒತ್ತುತ್ತಿದೆ. ಕೂತಾಗ ತೊಡೆ ಮತ್ತು ಸೀಟಿನ ಮುಂಭಾಗದ ನಡುವೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಕುರ್ಚಿ ಇಳಿಸಿ ಅಥವಾ ಕಾಲುಮಣೆ ಇಡಿ. ಕೆಲವು ಹಳೆಯ ಕುರ್ಚಿಗಳಲ್ಲಿ ಸ್ಪಂಜು ಕುಸಿದು ಕೆಳಗಿನ ಹಲಗೆ ತಾಗುತ್ತಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಗೊತ್ತಾಗುತ್ತದೆ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಮಾತ್ರ ಕುರ್ಚಿ ಬಿಟ್ಟು ವೈದ್ಯರಿಗೆ ತೋರಿಸಿ, ತಡಮಾಡಬೇಡಿ.

ಯಾವ ಬೆರಳು ಜೋಮು ಹಿಡಿಯುತ್ತಿದೆ?

ಕೈ ಜೋಮು ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಬೆರಳುಗಳು ದೋಷದ ಜಾಗವನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತವೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ನಡುವೆ ಹಾದುಹೋಗುವ ನರಕ್ಕೆ ಒತ್ತಡ ಬೀಳುತ್ತಿರಬಹುದು. ಮೇಜಿನ ಚೂಪು ಅಂಚಿನ ಮೇಲೆ ಮಣಿಕಟ್ಟು ಊರುತ್ತಿದ್ದೀರಾ ನೋಡಿ. ಕೆಲಸ ಮಾಡಿ ಎದ್ದ ತಕ್ಷಣ ಚರ್ಮದ ಮೇಲೆ ಕೆಂಪು ಗೆರೆ ಇದ್ದರೆ ಸಾಕ್ಷಿ ಸಿಕ್ಕಿತು. ಕೀಬೋರ್ಡಿನ ಹಿಂದಿನ ಎರಡು ಸಣ್ಣ ಕಾಲುಗಳನ್ನು ಎತ್ತಿದ್ದೀರಾ? ಮಡಿಸಿಬಿಡಿ. ಅವು ಎದ್ದಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಿಯೇ ಇರಬೇಕಾಗುತ್ತದೆ.

ಕಿರುಬೆರಳು ಮತ್ತು ಅದರ ಪಕ್ಕದ ಉಂಗುರ ಬೆರಳು ಜೋಮು ಹಿಡಿದರೆ ಮಣಿಕಟ್ಟು ಬಿಟ್ಟು ಮೊಣಕೈ ಕಡೆ ನೋಡಿ. ಮೊಣಕೈಯ ಒಳಬದಿಯಲ್ಲಿ ಒಂದು ನರ ಎಲುಬಿನ ಪಕ್ಕದಲ್ಲೇ, ಚರ್ಮಕ್ಕೆ ಹತ್ತಿರ ಹಾದುಹೋಗುತ್ತದೆ. ಎಲ್ಲಾದರೂ ತಗುಲಿದಾಗ ಕೈಯೆಲ್ಲ ಜುಮ್ ಎನ್ನುತ್ತದಲ್ಲ, ಅದೇ. ಗಟ್ಟಿ ಆರ್ಮ್‌ರೆಸ್ಟ್ ಮೇಲೆ ಅಥವಾ ಮೇಜಿನ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ಕೂತರೆ ಆ ನರ ಒತ್ತುತ್ತದೆ. ಫೋನ್ ಕಿವಿಗೆ ಹಿಡಿದು ಮೊಣಕೈ ಮಡಿಸಿ ಬಹಳ ಹೊತ್ತು ಮಾತಾಡುವವರಿಗೂ ಹೀಗಾಗುತ್ತದೆ. ಮೆತ್ತನೆಯ ಆರ್ಮ್‌ರೆಸ್ಟ್ ಕವರು, ಹೆಡ್‌ಸೆಟ್, ಇವು ಇಲ್ಲಿ ಪರಿಹಾರ. ಹೊಸ ಕುರ್ಚಿ ಬೇಕಿಲ್ಲ.

ಬೆರಳು ಸರಿಯಿದ್ದು ಮೌಸ್ ಹಿಡಿಯುವ ಕಡೆಯ ಹೆಗಲು ಮಾತ್ರ ನೋಯುತ್ತಿದ್ದರೆ ಮೌಸ್ ದೂರವಿದೆ. ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಗುಂಪು ಇರುತ್ತದೆ, ಅದು ಮೌಸನ್ನು ಪಕ್ಕಕ್ಕೆ ತಳ್ಳುತ್ತದೆ. ಅಂಕಿಗಳನ್ನು ಜಾಸ್ತಿ ಬಳಸದವರು ಆ ಗುಂಪಿಲ್ಲದ ಸಣ್ಣ ಕೀಬೋರ್ಡ್ ಹಾಕಿ ನೋಡಿ. ಮೊಣಕೈ ಪಕ್ಕೆಲುಬಿನ ಹತ್ತಿರವೇ ಉಳಿಯುತ್ತದೆ.

ಕುತ್ತಿಗೆ ಮತ್ತು ಕಣ್ಣು

ಮಾನಿಟರ್ ನಿಮ್ಮಿಂದ 50ರಿಂದ 100 ಸೆಂ.ಮೀ. ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಇರಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತು. ಇದಕ್ಕೆ ಒಂದು ಹೊರತು ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಹತ್ತಿರದ್ದನ್ನು ಗಾಜಿನ ಕೆಳಭಾಗದಲ್ಲಿ ನೋಡುತ್ತಾರೆ. ಮಾನಿಟರ್ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ಓದುತ್ತಾರೆ. ಕುತ್ತಿಗೆಯ ಹಿಂಭಾಗ, ತಲೆಬುಡ ನೋಯುತ್ತದೆ. ಇವರಿಗೆ ಮಾನಿಟರ್ ಇನ್ನೂ ಇಳಿಸಬೇಕು. ಹೊಸ ಮಾನಿಟರ್ ಸ್ಟ್ಯಾಂಡ್ ಬಂದ ಮೇಲೆ ನೋವು ಶುರುವಾಯಿತು ಎಂದು ಯಾರಾದರೂ ಹೇಳಿದರೆ ಮೊದಲು ಅವರ ಕನ್ನಡಕ ನೋಡಿ.

ಲ್ಯಾಪ್‌ಟಾಪನ್ನೇ ದಿನವಿಡೀ ಬಳಸುವವರಿಗೆ ಯಾವ ಮೇಜು ಕುರ್ಚಿ ತಂದರೂ ಕುತ್ತಿಗೆ ಸರಿಹೋಗುವುದಿಲ್ಲ. ಪರದೆ, ಕೀಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಪರದೆ ಕಣ್ಣಿಗೆ ಹೊಂದಿದರೆ ಕೀಲಿ ಕೈಗೆ ಹೊಂದುವುದಿಲ್ಲ. ಬೇರೆ ಕೀಬೋರ್ಡ್, ಬೇರೆ ಮೌಸ್ ಬೇಕೇ ಬೇಕು. ಆಮೇಲೆ ಲ್ಯಾಪ್‌ಟಾಪನ್ನು ಎತ್ತರಿಸಿ ಇಡಿ.

ಕಣ್ಣುರಿಗೆ ಎರಡು ಪರೀಕ್ಷೆಗಳು. ಮಾನಿಟರ್ ಆಫ್ ಮಾಡಿ, ಕಪ್ಪು ಪರದೆಯನ್ನು ಮಾಮೂಲಿ ಜಾಗದಲ್ಲಿ ಕೂತು ನೋಡಿ. ಕಿಟಕಿಯೋ ದೀಪವೋ ಅದರಲ್ಲಿ ಕಂಡರೆ ದಿನವಿಡೀ ಅದರ ಮೇಲೆ ಓದುತ್ತಿದ್ದೀರಿ. ಇನ್ನೊಂದು, ಅಂಗೈಯನ್ನು ಟೋಪಿಯ ಅಂಚಿನ ಹಾಗೆ ಹಣೆಗೆ ಅಡ್ಡ ಹಿಡಿಯಿರಿ. ತಕ್ಷಣ ಕಣ್ಣಿಗೆ ಹಾಯೆನಿಸಿದರೆ ಮೇಲಿನ ದೀಪ ಜಾಸ್ತಿಯಾಗಿದೆ. ಕಿಟಕಿ ನಿಮ್ಮ ಎದುರಿಗೂ ಬೇಡ, ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲಿರಲಿ. ಮೇಜಿನ ಮೇಲೆ ಓದುವ ಬರೆಯುವ ಕೆಲಸಕ್ಕೆ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಎನ್ನುವುದು ಯುರೋಪಿನ ಮಾನದಂಡ. ಅಷ್ಟು ಬೆಳಕನ್ನು ಇಡೀ ಕೋಣೆಗೆ ಚೆಲ್ಲುವ ಬದಲು ಬೇಕಾದವರಿಗೆ ಒಂದೊಂದು ಮೇಜುದೀಪ ಕೊಡುವುದು ನನ್ನ ಆಯ್ಕೆ.

ಕುರ್ಚಿಯೇ ಕೆಟ್ಟಿದ್ದರೆ

ಕುರ್ಚಿ ನಿಧಾನವಾಗಿ ಕೆಳಗಿಳಿಯುತ್ತದೆ ಎನ್ನುವುದು ದೊಡ್ಡ ದೂರು. ಸೀಟಿನ ಕೆಳಗಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಅನಿಲ ಇರುತ್ತದೆ. ಸೀಲು ಸವೆದರೆ ಅನಿಲ ಸೋರುತ್ತದೆ. ಸೀಟಿನ ಎತ್ತರ ಅಳೆದು ಬರೆದುಕೊಳ್ಳಿ, ಅರ್ಧ ಗಂಟೆ ಕೂತು ಮತ್ತೆ ಅಳೆಯಿರಿ. ಇಳಿದಿದ್ದರೆ ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು, ಇಡೀ ಕುರ್ಚಿ ಬಿಸಾಡಬೇಡಿ. ಸಿಲಿಂಡರಿಗೆ ತೂತು ಹಾಕುವುದು, ಬಿಸಿ ಮಾಡುವುದು, ಒಡೆಯುವುದು ಖಂಡಿತ ಬೇಡ. ಒಳಗೆ ಒತ್ತಡ ಇರುತ್ತದೆ, ಸಿಡಿಯಬಹುದು.

ಅಳೆಯುವ ಮುಂಚೆ ಎತ್ತರದ ಲಿವರ್ ಕಡೆಗೂ ಒಂದು ಕಣ್ಣು ಹಾಯಿಸಿ. ಲಿವರ್ ಬಗ್ಗಿ ಸಿಲಿಂಡರಿನ ತುದಿಯ ಗುಂಡಿಯನ್ನು ಸದಾ ಒತ್ತುತ್ತಿದ್ದರೂ ಕುರ್ಚಿ ಇಳಿಯುತ್ತದೆ. ಆಗ ಸಿಲಿಂಡರ್ ಸರಿಯಾಗಿಯೇ ಇರುತ್ತದೆ.

ಕಿರ್ ಕಿರ್ ಸದ್ದು ಬಂದರೆ ಸೀಟಿನ ಅಡಿಯ ಬೋಲ್ಟುಗಳನ್ನು ಬಿಗಿ ಮಾಡಿ ನೋಡಿ. ಒಂದು ಕಡೆಗೆ ವಾಲಿದ್ದರೆ ಕಾಲುಗಳ ಸಂದಿಯಲ್ಲಿ ಬಿರುಕು ಇದೆಯಾ ಪರೀಕ್ಷಿಸಿ. ಬಿರುಕು ಕಂಡರೆ ಅದೇ ದಿನ ಬಳಕೆ ನಿಲ್ಲಿಸಿ. ಚಕ್ರದಲ್ಲೂ ಎರಡು ಬಗೆ ಇವೆ. ಕಾರ್ಪೆಟ್ಟಿಗೆ ಗಟ್ಟಿ ಚಕ್ರ, ಟೈಲ್ಸ್ ಅಥವಾ ಮರದ ನೆಲಕ್ಕೆ ಮೆತ್ತನೆಯ ಚಕ್ರ. ಗಟ್ಟಿ ಚಕ್ರ ನುಣುಪು ನೆಲದ ಮೇಲೆ ಜಾರಿಹೋಗುತ್ತದೆ, ನಾವು ಗೊತ್ತಿಲ್ಲದೆ ಕಾಲಿನಿಂದ ಹಿಡಿದುಕೊಂಡೇ ಕೂರುತ್ತೇವೆ. ಮೀನಖಂಡ ನೋವಿಗೆ ಇದೂ ಒಂದು ಕಾರಣ.

ಕ್ಯುಬಿಕಲ್: ಗೋಡೆ ಎಷ್ಟು ಎತ್ತರ?

ಕ್ಯುಬಿಕಲ್ ಎಂದರೆ ಪಾರ್ಟಿಷನ್ ಪ್ಯಾನೆಲ್‌ಗಳನ್ನು ನಿಲ್ಲಿಸಿ ಒಬ್ಬೊಬ್ಬರಿಗೆ ಬೇರೆ ಮಾಡಿದ ಕೂರುವ ಜಾಗ. ಅದು ಹುಟ್ಟಿದ ಬಗೆ ಸ್ವಲ್ಪ ತಿಳಿದಿದ್ದರೆ ಅದರ ದೋಷ ಬೇಗ ಅರ್ಥವಾಗುತ್ತದೆ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ 'ಆಕ್ಷನ್ ಆಫೀಸ್' ಎಂಬ ವ್ಯವಸ್ಥೆ ರೂಪಿಸಿದರು. ಮೊದಲನೆಯದು 1964ರಲ್ಲಿ, ಪ್ಯಾನೆಲ್‌ಗಳಿದ್ದ ಎರಡನೆಯದು 1968ರಲ್ಲಿ ಬಂತು. ಪ್ಯಾನೆಲ್‌ಗಳನ್ನು 120 ಡಿಗ್ರಿ ಕೋನದಲ್ಲಿ ತೆರೆದಂತೆ ಜೋಡಿಸಬೇಕು, ಕೂತವರಿಗೆ ಜಾಗವೂ ಇರಬೇಕು, ಓಡಾಟವೂ ಇರಬೇಕು ಎನ್ನುವುದು ಅವರ ಯೋಚನೆ. ಕಂಪನಿಗಳು ಅದನ್ನೇ 90 ಡಿಗ್ರಿಗೆ ತಿರುಗಿಸಿ, ಇದ್ದ ಜಾಗದಲ್ಲಿ ಆದಷ್ಟು ಜನರನ್ನು ತುಂಬಿಸಲು ಪೆಟ್ಟಿಗೆ ಮಾಡಿಬಿಟ್ಟವು. ಹಾಗಾಗಿ ಕ್ಯುಬಿಕಲ್ ದೂರು ಬಂದಾಗ ಪ್ಯಾನೆಲ್ ಗುಣಮಟ್ಟ ನೋಡುವುದಕ್ಕಿಂತ ಜೋಡಣೆ ನೋಡುವುದು ಮುಖ್ಯ.

"ಪಕ್ಕದವರ ಮಾತಿನಿಂದ ಕೆಲಸ ಆಗ್ತಿಲ್ಲ" ಎನ್ನುವುದು ಎಲ್ಲ ಕಡೆ ಕೇಳುವ ದೂರು. ಕೂತಾಗ ನಮ್ಮ ಬಾಯಿ, ಕಿವಿ ನೆಲದಿಂದ ಸುಮಾರು 120 ಸೆಂ.ಮೀ. ಎತ್ತರದಲ್ಲಿರುತ್ತವೆ. ಪ್ಯಾನೆಲ್ ಕೂಡ 120 ಇದ್ದರೆ ಮಾತು ಅದರ ಮೇಲಿಂದ ಆರಾಮಾಗಿ ಹಾದುಹೋಗುತ್ತದೆ. 150 ಸೆಂ.ಮೀ. ದಾಟಿದರೆ ಸ್ವಲ್ಪ ತಡೆಯುತ್ತದೆ. ಆದರೆ ಮೇಲ್ಛಾವಣಿ ಗಟ್ಟಿ ಕಾಂಕ್ರೀಟಾಗಿದ್ದರೆ ಮಾತು ಅಲ್ಲಿಗೆ ಬಡಿದು ಆಚೆ ಕಡೆ ಬೀಳುತ್ತದೆ. ಖಾಲಿ ಹೊತ್ತಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಠಣ್ ಎಂದು ಉಳಿದರೆ ದೋಷ ಛಾವಣಿ, ಗಾಜು, ನೆಲದಲ್ಲಿದೆ. ಪ್ಯಾನೆಲ್ ಎಷ್ಟು ಏರಿಸಿದರೂ ಹಣ ದಂಡ. ಮೊದಲು ಛಾವಣಿಗೆ ಸದ್ದು ಹೀರುವ ಹಲಗೆ ಹಾಕಿಸಿ.

ಹಾಗಂತ ಸುತ್ತಲೂ ಎತ್ತರದ ಗೋಡೆ ಕಟ್ಟಿದರೆ ಬೇರೆ ಮೂರು ದೋಷ ಹುಟ್ಟುತ್ತವೆ. ಕಿಟಕಿಯ ಬೆಳಕು ಒಳಗಿನ ಸಾಲಿಗೆ ಬರುವುದಿಲ್ಲ. ಎಸಿ ಗಾಳಿ ಪ್ಯಾನೆಲ್ಲಿಗೆ ಬಡಿದು ಒಬ್ಬರ ಕುತ್ತಿಗೆಗೆ ಚಳಿ, ಪಕ್ಕದವರಿಗೆ ಸೆಕೆ. ಒಂದು ತೆಳು ಕಾಗದದ ಪಟ್ಟಿಯನ್ನು ತಲೆಯ ಮಟ್ಟದಲ್ಲಿ ಹಿಡಿದು ನೋಡಿ, ಗಾಳಿ ಆಡುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಮೂರನೆಯದು ಕಣ್ಣು. ಪ್ರತಿ 20 ನಿಮಿಷಕ್ಕೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಬೇಕು ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಮೂರು ಕಡೆಯೂ ಎತ್ತರದ ಗೋಡೆ ಇದ್ದರೆ 20 ಅಡಿ ದೂರ ಎಲ್ಲಿಂದ ತರೋಣ?

ನನ್ನ ಅನುಭವದಲ್ಲಿ ಒಳ್ಳೆಯ ದಾರಿ ಇದು. ಫೋನಿನಲ್ಲಿ ಜಾಸ್ತಿ ಮಾತಾಡುವವರ ನಡುವೆ ಮಾತ್ರ ಪ್ಯಾನೆಲ್ ಎತ್ತರಿಸಿ. ಮೇಲಿನ ಭಾಗ ಗಾಜಿನದ್ದಿರಲಿ, ಕೆಳಗಿನದು ಸದ್ದು ಹೀರುವ ಬಟ್ಟೆಯದ್ದು. ದಾರಿಯ ಕಡೆಗೆ, ಕಿಟಕಿಯ ಕಡೆಗೆ ತಗ್ಗು ಮಾಡಿ. ಉದ್ದದ ಫೋನ್ ಮಾತಿಗೆ ಬಾಗಿಲಿರುವ ಒಂದು ಸಣ್ಣ ಕೋಣೆ ಕೊಡಿ. ಆ ಒಂದು ಕೋಣೆ ಹತ್ತು ಪ್ಯಾನೆಲ್ ಮಾಡದ ಕೆಲಸ ಮಾಡುತ್ತದೆ.

ಹೊಸ ಪೀಠೋಪಕರಣದ ವಾಸನೆ

ಹೊಸ ಮೇಜು ಬಂದ ವಾರವೇ ಕಣ್ಣಲ್ಲಿ ನೀರು, ಮೂಗುರಿ, ತಲೆನೋವು ಶುರುವಾದರೆ ನಿರ್ಲಕ್ಷ್ಯ ಮಾಡಬೇಡಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಹಲಗೆಗಳಲ್ಲಿ ಮರದ ಪುಡಿಯನ್ನು ಅಂಟಿಸಲು ಬಳಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಕೋಣೆಯ ಗಾಳಿಯಲ್ಲಿ ಅರ್ಧ ಗಂಟೆಯ ಸರಾಸರಿ ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆಕೆ ಮತ್ತು ತೇವ ಹೆಚ್ಚಾದರೆ ಅನಿಲ ಬಿಡುವುದೂ ಹೆಚ್ಚುತ್ತದೆ.

ರಾತ್ರಿಯಿಡೀ ಮುಚ್ಚಿದ್ದ ಡ್ರಾಯರನ್ನು ಬೆಳಿಗ್ಗೆ ತೆಗೆದು ನೋಡಿ. ಮೂಗಿಗೆ ಚುಚ್ಚುವ ವಾಸನೆ ಬಂದರೆ ಅನುಮಾನ ಬಲವಾಯಿತು. ಮೇಜಿನ ಅಡಿಭಾಗ, ವೈರು ಹೋಗುವ ತೂತಿನ ಅಂಚು ಸವರಿ ನೋಡಿ. ಲ್ಯಾಮಿನೇಟ್ ಹಚ್ಚದೆ ಬಿಟ್ಟ ಬರಿ ಹಲಗೆ ಕೈಗೆ ಸಿಕ್ಕರೆ ಅಲ್ಲಿಂದಲೇ ಜಾಸ್ತಿ ಬರುತ್ತಿರುತ್ತದೆ. ಪಟ್ಟಿ ಹಚ್ಚಿ ಮುಚ್ಚಿಸಿ. ಡ್ರಾಯರು ತೆರೆದಿಟ್ಟು ಕೆಲವು ವಾರ ಹೊರಗಿನ ಗಾಳಿ ಧಾರಾಳವಾಗಿ ಬರಲು ಬಿಡಿ. ಸುವಾಸನೆ ಸಿಂಪಡಿಸಿ ಮರೆಮಾಚುವುದು ಬೇಡ, ಅನಿಲ ಅಲ್ಲೇ ಇರುತ್ತದೆ.

ಕೊಳ್ಳಲೇಬೇಕಾದಾಗ

ಇಷ್ಟೆಲ್ಲ ನೋಡಿದ ಮೇಲೂ ಬದಲಿಸುವುದೇ ಸರಿ ಎಂದಾದರೆ ಅಳತೆಗಳ ಹಾಳೆ ಕೈಯಲ್ಲಿ ಹಿಡಿದು ಹೋಗಿ. ಕುರ್ಚಿ ಎಷ್ಟು ಮೇಲೆ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೀವು ಕೇಳಿ. ಕುಳ್ಳಗಿರುವವರಿಗೆ ಅದೇ ಮುಖ್ಯ. ತಳದಲ್ಲಿ ಐದು ಕಾಲು ಇರಲಿ, ನಾಲ್ಕಿದ್ದರೆ ವಾಲಿದಾಗ ಮಗುಚುವ ಸಾಧ್ಯತೆ ಹೆಚ್ಚು. ಸಿಲಿಂಡರ್, ಚಕ್ರ, ಆರ್ಮ್‌ರೆಸ್ಟ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಮೇಜಿನ ಹಲಗೆಗೆ ಇ1 (ಫಾರ್ಮಾಲ್ಡಿಹೈಡ್ ಕಡಿಮೆ ಹೊರಸೂಸುವ ದರ್ಜೆ) ಅಥವಾ ಅದಕ್ಕಿಂತಲೂ ಕಡಿಮೆ ಹೊರಸೂಸುವ ದರ್ಜೆಯ ಪತ್ರ ಕೇಳಿ. ಮೇಜಿನ ಮುಂದಿನ ಅಂಚು ದುಂಡಗಿರಲಿ. ನಿಂತೂ ಕೂತೂ ಕೆಲಸ ಮಾಡುವ ಮೇಜಾದರೆ ಸುಮಾರು 65ರಿಂದ 125 ಸೆಂ.ಮೀ. ವರೆಗೆ ಆಡಬೇಕು. ಪೂರ್ತಿ ಎತ್ತರದಲ್ಲಿ ನಿಲ್ಲಿಸಿ ಅಂಚು ಹಿಡಿದು ಅಲ್ಲಾಡಿಸಿ ನೋಡಿ. ಮಾನಿಟರ್ ತೂಗಾಡುವಷ್ಟು ಅಲುಗಿದರೆ ಬೇಡ.

ಎರಡು ನಿಮಿಷ ಕೂತು ಎದ್ದು "ಚೆನ್ನಾಗಿದೆ" ಎಂದು ಹೇಳಬೇಡಿ. ಮೆತ್ತನೆಯ ಸೀಟು ಎರಡು ನಿಮಿಷಕ್ಕೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಒಂದು ಮಾದರಿ ತರಿಸಿ, ಅತಿ ಕುಳ್ಳಗಿರುವವರು, ಅತಿ ಎತ್ತರದವರು, ಮೈತುಂಬಿದವರು ಒಂದೊಂದು ವಾರ ಕೂರಲಿ. ಆಮೇಲೆ ಉಳಿದದ್ದಕ್ಕೆ ಆರ್ಡರ್ ಕೊಡಿ.

ಒಂದೇ ಜಾಗದಲ್ಲಿ ಪಾಳಿಯ ಮೇಲೆ ಇಬ್ಬರು ಮೂವರು ಕೂರುತ್ತಿದ್ದರೆ ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಹೊಂದಾಣಿಕೆ ಮುಂದಿನವರ ಕೈಯಲ್ಲಿ ಕೆಟ್ಟುಹೋಗುತ್ತದೆ, ಮರುದಿನ ನೋವು ವಾಪಸ್. ಮೇಜಿನ ಕಾಲಿಗೆ, ಆರ್ಮ್‌ರೆಸ್ಟ್ ಕಂಬಕ್ಕೆ, ಮಾನಿಟರ್ ಸ್ಟ್ಯಾಂಡಿಗೆ ಒಬ್ಬೊಬ್ಬರಿಗೆ ಒಂದು ಬಣ್ಣದ ಟೇಪು ಅಂಟಿಸಿ. ಸೀಟಿನ ಎತ್ತರವನ್ನು ನಿಂತುಕೊಂಡು ಮಂಡಿಚಿಪ್ಪಿಗೆ ಹೋಲಿಸಿ ನೆನಪಿಟ್ಟುಕೊಳ್ಳಿ, ಉದಾಹರಣೆಗೆ ಅದಕ್ಕಿಂತ ಎರಡು ಬೆರಳು ಕೆಳಗೆ ಎಂದು. ಬಂದು ಕೂತ ಮೇಲೆ ಎಲ್ಲವನ್ನೂ ನಿಮ್ಮ ಬಣ್ಣಕ್ಕೆ ತರಲು ಒಂದು ನಿಮಿಷವೂ ಬೇಕಾಗುವುದಿಲ್ಲ.